ಪೂಜೆಯ ಕಡ್ಡಿ

ಶಿರಸಿ,
೪ ಜನವರಿ ೨೦೨೪

ರಾಘು,

ಇಲ್ಲಿ ನಾನು ಕ್ಷೇಮ. ನಿನ್ನ ಕ್ಷೇಮವನ್ನು ನಾನು ಕೇಳುವುದಿಲ್ಲ. ನಲವತ್ತು ವರ್ಷ ಕೇಳಿಲ್ಲ, ಈಗ ಶುರು ಮಾಡುವ ಅಗತ್ಯ ಕಾಣುವುದಿಲ್ಲ.

ಅಕ್ಷರ ನೋಡಿದ ಕೂಡಲೇ ಯಾರೆಂದು ತಿಳಿದಿರಬೇಕು. ತಿಳಿಯದಿದ್ದರೆ ಹೇಳುತ್ತೇನೆ. ಧಾರವಾಡದ ಕಾಲೇಜಿನಲ್ಲಿ ಮೂರು ವರ್ಷ ನಿನ್ನ ಬೆಂಚಿನಲ್ಲೇ ಕೂತವನು, ಸರ್ವೆ ಇಲಾಖೆಯಲ್ಲಿ ನಿನ್ನ ಜೊತೆ ಅಳತೆಯ ಸರಪಳಿ ಎಳೆದವನು, ನಿನ್ನ ದೆಸೆಯಿಂದ ‘ಬಾವಿ ನುಂಗಿದ ಸಾಹೇಬ’ ಎಂಬ ಬಿರುದು ಹೊತ್ತವನು. ಇ-ಮೇಲ್ ಕಳಿಸಲು ನನಗೂ ಬರುತ್ತದೆ. ಆದರೆ ಉತ್ತರ ನಿನ್ನ ಕೈಬರಹದಲ್ಲಿ, ನಿನ್ನ ಸಹಿಯೊಂದಿಗೆ ಬೇಕು. ಕೈಬರಹಕ್ಕೆ ಎಷ್ಟು ತೂಕ ಎಂಬುದನ್ನು ನೀನೇ ನನಗೆ ಕಲಿಸಿದ್ದು. ಅದಕ್ಕೇ ರಿಜಿಸ್ಟರ್ಡ್ ಪೋಸ್ಟು.

ಸಬ್ಜೆಕ್ಟ್: ನೀನು ಬರೆದ ಒಂದು ಸಾಲು.
ರೆಫರೆನ್ಸ್: ಹುಲಗೋಳ, ೧೯೮೪.

ವಿತ್ ಡ್ಯೂ ರೆಸ್ಪೆಕ್ಟ್ ಎಂದು ಬರೆಯುವುದು ವಾಡಿಕೆ. ನಿನಗೆ ಯಾವ ರೆಸ್ಪೆಕ್ಟೂ ಡ್ಯೂ ಇಲ್ಲದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಹೆಂಡತಿ ಗುರುಶಾಂತವ್ವ ೨೦೨೧ರ ಶ್ರಾವಣದಲ್ಲಿ ತೀರಿಕೊಂಡಳು. ನೀನು ಬರಲಿಲ್ಲ. ಬಂದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದೆ, ಅದು ಬೇರೆ ಮಾತು. ಕೊನೆಯ ಎರಡು ವರ್ಷ ಅವಳ ಕೈ ನಡುಗುತ್ತಿತ್ತು. ಕಾಗದ ಬರೆಯಲಾಗದು, ರವಿಕೆಯ ಗುಂಡಿ ಹಾಕಿಕೊಳ್ಳಲಾಗದು. ಹೊತ್ತು ಹೋಗಲಿ ಎಂದು ಬೆಂಕಿಪೊಟ್ಟಣದಷ್ಟು ದೊಡ್ಡ ಧ್ವನಿ ಹಿಡಿಯುವ ಯಂತ್ರ ತಂದುಕೊಟ್ಟೆ. ದಿನಾ ಮಧ್ಯಾಹ್ನ ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಮಾತಾಡುತ್ತಿದ್ದಳು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದಳು. “ನೀವು ಹೊರಗ ಹೋಗ್ರಿ. ಇದನ್ನ ನಾ ಹ್ವಾದ ಮ್ಯಾಲ ಕೇಳ್ರಿ. ಈಗ ಕೇಳಿದ್ರ ವಾದಾ ತಗೀತೀರಿ.” ಒಟ್ಟು ಮೂವತ್ತೆರಡು ಮಾತು. ಒಂದನ್ನೂ ನಾನು ಕೇಳಿರಲಿಲ್ಲ.

ವರ್ಷಾಂತಿಕ ಮುಗಿದ ಮರುದಿನ ಕೇಳಲು ಕೂತೆ. ನನ್ನ ಕಂಪ್ಯೂಟರು ಹಳೆಯದು. ಹಳೆಯ ಯಂತ್ರಗಳಿಗೆ ಒಗ್ಗುತ್ತದೆಂದು ಅದರಲ್ಲಿ ‘ಅಳಿಲು’ ಹಾಕಿಕೊಂಡಿದ್ದೆ. ಕನ್ನಡದವರು ಕೂಡಿ ಮಾಡಿದ ಆಪರೇಟಿಂಗ್ ಸಿಸ್ಟಮ್ಮು ಎಂಬ ಅಭಿಮಾನ ಬೇರೆ. ಯಾರು ಕೂಡಿದ್ದಾರೆ ಎಂದು ನೋಡಿರಲಿಲ್ಲ. ಅವಳ ಯಂತ್ರದ ಮೆಮೊರಿ ಕಾರ್ಡು ತೆಗೆದು ಅದಕ್ಕೆ ಹಾಕಿದೆ. ಮೂವತ್ತೆರಡು ಹೆಸರು ಕಂಡವು. ಮೊದಲನೆಯದನ್ನು ಒತ್ತಿದೆ. ಕೆಮ್ಮಿದಳು. “ಕೇಳಾಕತ್ತೀರೇನ್ರಿ?” ಅಂದಳು.

ಅಷ್ಟೇ. ಪರದೆ ಕಲ್ಲಾಯಿತು. ಆರಿಸಿ ಮತ್ತೆ ಹಚ್ಚಿದರೆ ಕಾರ್ಡು ಖಾಲಿ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ನವೀನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕಾರ್ಡು ಸತ್ತಿದೆ ಅಂಕಲ್, ಎಸೀರಿ” ಎಂದ. ಅವನ ತಂದೆಯ ವಯಸ್ಸಿನವನು ನಾನು, ಅವನಿಗೆ ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ.

ಅವತ್ತು ನಿಶ್ಚಯಿಸಿದೆ: ಇದನ್ನು ಮಾಡಿದವನನ್ನು ಹುಡುಕುತ್ತೇನೆ. ಅಳಿಲಿನ ಒಳಗಿನ ಬರಹವೆಲ್ಲ ಯಾರು ಬೇಕಾದರೂ ಓದುವ ಹಾಗೆ ತೆರೆದಿದೆ. ಓದಲು ಬರಬೇಕಷ್ಟೆ. ಹದಿನಾರು ತಿಂಗಳು ಕಲಿತೆ. ಇಲಾಖೆಯ ಕಂಪ್ಯೂಟರ್ ತರಬೇತಿಯಲ್ಲಿ ನಮಗೆಲ್ಲ ಕಲಿಸಿದ್ದು ಸಾಲಲಿಲ್ಲ. ಪುಸ್ತಕ ತರಿಸಿದೆ, ಕಾಲೇಜಿನ ಡಿಕ್ಷನರಿ ಧೂಳು ಹೊಡೆದು ಇಳಿಸಿದೆ. ಕಡತಗಳು ಎಲ್ಲೆಲ್ಲಿವೆ ಎಂದು ನೋಡಿಕೊಳ್ಳುವ ಭಾಗವನ್ನು, ಅಂದರೆ ಕಡತ ವ್ಯವಸ್ಥೆಯನ್ನು, ಹಳೆಯ ನಕ್ಷೆ ಓದುವಂತೆ ಬೆರಳಿಟ್ಟು ಓದಿದೆ. ಕಳೆದ ತಿಂಗಳು ಸಿಕ್ಕಿತು.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ತಾಳ್ಮೆಯಿಂದ ಓದು. ಹೆಸರುಗಳನ್ನಿಡಲು ಮೂವತ್ತೆರಡು ಕೋಣೆಗಳ ಒಂದು ಸಾಲು. ಯಂತ್ರ ಸೊನ್ನೆಯಿಂದ ಎಣಿಸುವುದರಿಂದ ಸೊನ್ನೆಯಿಂದ ಮೂವತ್ತೊಂದರವರೆಗೆ. ಅದರಾಚೆ ಬೇರೆಯವರ ಜಾಗ: ಯಾವ ದನಿ ಕಾರ್ಡಿನಲ್ಲಿ ಎಲ್ಲಿದೆ ಎಂಬ ಪಟ್ಟಿ. ಎಣಿಕೆ ಮೂವತ್ತೆರಡಕ್ಕಿಂತ ಚಿಕ್ಕದಿರುವ ತನಕ ನಡೆ ಎನ್ನಬೇಕಾದಲ್ಲಿ, ಚಿಕ್ಕದು ಅಥವಾ ಸಮ ಇರುವ ತನಕ ನಡೆ ಎಂದು ಬರೆದಿದೆ. ದಾರಿಯಲ್ಲಿ ಖಾಲಿ ಕೋಣೆ ಸಿಕ್ಕರೆ ಅಲ್ಲಿಯೇ ನಿಲ್ಲುತ್ತದೆ. ಹಾಗಾಗಿ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ನನ್ನ ಹೆಂಡತಿ ಮೂವತ್ತೆರಡನ್ನೂ ತುಂಬಿದಳು. ಎಣಿಕೆ ಬೇಲಿ ಹಾರಿತು, ಪಕ್ಕದ ಪಟ್ಟಿಯನ್ನು ಮೂವತ್ತಮೂರನೆಯ ಕೋಣೆ ಎಂದು ತಿಳಿದು ಅದರ ತಲೆಯ ಮೇಲೆ ‘ಇಂದು ನೋಡಲಾಗಿದೆ’ ಎಂದು ತಾರೀಖು ಒತ್ತಿತು.

ಆ ಎಣಿಕೆಗೆ ಇಟ್ಟ ಹೆಸರು ‘ಕಡ್ಡಿ’. ಸರ್ವೆಯವರಲ್ಲದೆ ಬೇರೆ ಯಾರೂ ಎಣಿಕೆಗೆ ಈ ಹೆಸರು ಇಡುವುದಿಲ್ಲ. ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸಲು ಒಂದು ಆಜ್ಞೆ ಇದೆಯಲ್ಲ, ಅದರ ಹೆಸರು ಬ್ಲೇಮ್. ಇಷ್ಟು ಪ್ರಾಮಾಣಿಕ ಶಬ್ದವನ್ನು ನಮ್ಮ ಇಲಾಖೆ ಯಾವತ್ತೂ ಬಳಸಲಿಲ್ಲ. ಬ್ಲೇಮ್ ಹಾಕಿದೆ. ನಿನ್ನ ಹೆಸರು ಬಂತು. ಊರು, ಯಲ್ಲಾಪುರ.

ಈಗ ಹುಲಗೋಳ. ಮರೆತಿದ್ದರೆ ನೆನಪಿಸುತ್ತೇನೆ. ಹಳೆಯ ದಾಖಲೆಯಲ್ಲಿ ಆ ಊರಿನ ರೈತ ಚೌಡನ ಹೊಲದ ಗಡಿಗೆ ಹದಿನಾಲ್ಕು ಸರಪಳಿ ದೂರ. ನಾನು ಮುಂದೆ, ಒಂದೊಂದು ಸರಪಳಿಗೆ ಒಂದೊಂದು ಕಬ್ಬಿಣದ ಕಡ್ಡಿ ನೆಡುತ್ತ. ನೀನು ಹಿಂದೆ, ಅವನ್ನು ಕಿತ್ತು ಎಣಿಸುತ್ತ. ಶುರುವಿನ ಕಲ್ಲಿನ ಹತ್ತಿರ ಜಮೀನಿನವರು ಒಂದು ಕಡ್ಡಿಗೆ ಅರಿಸಿನ ಕುಂಕುಮ ಹಚ್ಚಿ ಹೂವಿಟ್ಟು ನೆಡುತ್ತಿದ್ದರು. ಪೂಜೆಯ ಕಡ್ಡಿ. ಅದು ಎಣಿಕೆಗಿಲ್ಲ ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ನೀನು ಅದನ್ನೂ ಕಿತ್ತು ಕೈಯಲ್ಲಿ ಸೇರಿಸಿಕೊಂಡೆ. “ಹದಿನಾಲ್ಕು!” ಎಂದು ಕೂಗಿದೆ. ನಾನು ಬರೆದುಕೊಂಡೆ. ಹದಿಮೂರಕ್ಕೇ ಗಡಿಕಲ್ಲು ಬಿತ್ತು. ಚೌಡನ ಬಾವಿ ಆಚೆಯವನ ಪಾಲಾಯಿತು.

ವಿಚಾರಣೆಯಲ್ಲಿ ಎಣಿಸಿದವರು ಯಾರು ಎಂದು ಕೇಳಿದರು. ನೀನು ಎದ್ದು ನಿಂತು, “ಪುಸ್ತಕದಲ್ಲಿ ಕೈಬರಹ ಶಂಭುಲಿಂಗನದು ಸರ್” ಎಂದೆ. ಸುಳ್ಳಲ್ಲ. ಅದೇ ನನ್ನನ್ನು ಸುಡುವುದು. ನೀನು ಆಗ ಪ್ರೊಬೇಷನ್ನಿನಲ್ಲಿದ್ದೆ, ಕೆಲಸ ಕಾಯಂ ಆಯಿತು. ನನಗೆ ಮೆಮೋ ಸಿಕ್ಕಿತು, ಸಿದ್ದಾಪುರಕ್ಕೆ ಎತ್ತಂಗಡಿಯಾಯಿತು. ಎಂಟು ವರ್ಷ ಅಲ್ಲಿಯ ಮನ್ಮನೆ ಎಂಬ ಊರಿನ ಬಾಡಿಗೆ ಮನೆಯಲ್ಲಿ ಕೊಳೆತೆ. ನೀರಿಗೆ ಹೋದರೆ ಗುರುಶಾಂತವ್ವನಿಗೆ, “ದಾರಿ ಬಿಡಿ, ಬಾವಿ ನುಂಗಿದವರ ಮನೆಯವಳು ಬಂದಳು” ಎನ್ನುತ್ತಿದ್ದರು.

ಆ ದಿನ ಎಣಿಸಿದವನು ನೀನು ಎನ್ನಲು ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಈಗ ಇದೆ. ಅದೇ ತಪ್ಪು, ಅದೇ ಕೈ. ಸಾಲು ನಿನ್ನ ಕೈಬರಹ, ರಾಘು.

ನನ್ನ ಬೇಡಿಕೆ: ಸಾಲನ್ನು ಸರಿಪಡಿಸು. ತಿದ್ದುಪಡಿಯ ಜೊತೆ ಟಿಪ್ಪಣಿ ಬರೆಯುತ್ತೀರಲ್ಲ, ಯಾರೂ ಅಳಿಸಲಾಗದ್ದು, ಅದರಲ್ಲಿ ಹುಲಗೋಳವನ್ನೂ ಬರೆ. ಲೋಕ ಇರುವ ತನಕ ಇರಲಿ. ಅವಳ ದನಿ ತಿಂದವನನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಯುವರ್ಸ್ ಫೇತ್‌ಫುಲಿ ಎಂದು ಬರೆಯಲು ಮನಸ್ಸಿಲ್ಲದ,
ಶಂಭುಲಿಂಗ


ಯಲ್ಲಾಪುರ,
೧೭ ಜನವರಿ ೨೦೨೪

ಶಂಭು,

ಪತ್ರ ಮುಟ್ಟಿತು. ಸಾಲು ನೋಡಿದೆ. ನೀನು ಹೇಳಿದ್ದು ಸರಿ, ತಪ್ಪು ನನ್ನದೇ.

ಗುರುಶಾಂತಕ್ಕ ಹೋದದ್ದು ನನಗೆ ನಾಲ್ಕು ತಿಂಗಳ ಮೇಲೆ ತಿಳಿಯಿತು. ಬರಬೇಕೆಂದು ಚಪ್ಪಲಿ ಮೆಟ್ಟಿದ್ದೆ. ಲಕ್ಷ್ಮೀ, “ಹೋಗಡಿ, ಅಂವ ನಿಮ್ಮ ಮೋರೆ ನೋಡಿರೆ ಇನ್ನೂ ಸಂಕಟ ಪಡ್ತ” ಅಂದಳು. ಹೆಂಡತಿಯ ಮಾತು ಕೇಳಿ ಬರದೆ ಉಳಿದೆ. ಅದೂ ತಪ್ಪಿರಬಹುದು.

ಕಾರ್ಡನ್ನು ಎಸೆದಿಲ್ಲ ತಾನೆ? ಎಸೆಯಬೇಡ ಮಾರಾಯ. ಅದರ ಮೇಲೆ ಏನನ್ನೂ ಬರೆಯಬೇಡ, ಮತ್ತೆ ಯಂತ್ರಕ್ಕೆ ಹಾಕಬೇಡ. ನನಗೆ ಕಳಿಸು. ದನಿ ಅಲ್ಲೇ ಇದ್ದರೂ ಇರಬಹುದು. ದಾರಿ ತೋರಿಸುವ ಪಟ್ಟಿ ಮಾತ್ರ ಹಾಳಾಗಿರಬೇಕು.

ರಾಘು


ಶಿರಸಿ,
೨೯ ಜನವರಿ ೨೦೨೪

ರಾಘು,

ಕಾರ್ಡು ಕಳಿಸುವುದಿಲ್ಲ. ಒಮ್ಮೆ ನಿನ್ನ ಕೈಗೆ ಕಡ್ಡಿ ಕೊಟ್ಟು ಕೆಟ್ಟವನು ನಾನು.

ನಿನ್ನ ಪತ್ರದಲ್ಲಿ ಹುಲಗೋಳ ಎಂಬ ಶಬ್ದವೇ ಇಲ್ಲ. ಮೂರು ಸಲ ಹುಡುಕಿದೆ. ತಪ್ಪು ನನ್ನದೇ ಎಂದಿದ್ದೀಯ, ಯಾವ ತಪ್ಪು ಎಂದಿಲ್ಲ. ಹಳೆಯ ಚಾಳಿ.

ತಿದ್ದಲು ನೀನೇ ಬೇಕೆಂದಿಲ್ಲ, ನಾನೇ ತಿದ್ದಿದೆ. ಕಾಲೇಜಿನ ಜರ್ನಲ್ಲಿನ ಪ್ರಕಾರ ವರದಿ ಕೆಳಗಿದೆ. ಏಮ್: ರಾಘುವಿನ ತಪ್ಪನ್ನು ಸಾಬೀತು ಮಾಡುವುದು. ಅಪಾರಟಸ್: ಹೊಸ ಕಾರ್ಡು ಒಂದು, ಮೂವತ್ತೆರಡು ಪುಡಿ ಕಡತ, ಸಿಟ್ಟು. ಪ್ರೊಸೀಜರ್: ಹಳೆಯ ಅಳಿಲಿನಲ್ಲಿ ಹಾಕಲಾಗಿ ಕಾರ್ಡು ಸತ್ತಿತು. ‘ಅಥವಾ ಸಮ’ ಎಂಬುದನ್ನು ತೆಗೆದು ಹಾಕಲಾಗಿ ಬದುಕಿತು. ರಿಜಲ್ಟ್: ಝೀರೋ ಎರರ್ ರಾಘುವಿನದು. ಪ್ರಿಕಾಶನ್: ರಾಘುವನ್ನು ನಂಬಬಾರದು.

ಇದನ್ನು ನಿಮ್ಮ ಅಳಿಲಿನ ಗುಂಪಿಗೆ ಕಳಿಸಿದೆ, ಟಿಪ್ಪಣಿಯಲ್ಲಿ ಎಲ್ಲ ಬರೆದು. ಅಲ್ಲಿ ರಮ್ಯಶ್ರೀ ಎಂಬ ಹೆಣ್ಣುಮಗಳು ತಿದ್ದುಪಡಿ ಒಪ್ಪುವವಳಂತೆ. ಉತ್ತರಿಸಿದ್ದಾಳೆ: “ಸರ್, ತಿದ್ದುಪಡಿ ತುಂಬ ಚೆನ್ನಾಗಿದೆ. ಆದರೆ ಟಿಪ್ಪಣಿಯಲ್ಲಿ ದೋಷದ ವಿವರ ಇರಬೇಕು, ಮನುಷ್ಯರ ಬಗ್ಗೆ ಬೇಡ. ಹುಲಗೋಳ ಅಂದರೆ ಯಾವ ಮಾಡ್ಯೂಲು ಸರ್?”

ಹುಲಗೋಳ ಯಾವ ಮಾಡ್ಯೂಲಂತೆ! ನೀನೇ ಹೇಳು ಅವಳಿಗೆ. ನಿನ್ನ ಬಾಯಿಂದಲೇ ಬರಬೇಕು. ಅಲ್ಲಿಯ ತನಕ ನನ್ನ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಲೋಕದ ಕಾರ್ಡುಗಳೆಲ್ಲ ಸಾಯಲಿ.

ಶಂಭುಲಿಂಗ


ಯಲ್ಲಾಪುರ,
೧೨ ಫೆಬ್ರವರಿ ೨೦೨೪

ಶಂಭು,

ಲೋಕದ ಕಾರ್ಡುಗಳು ಏನು ಮಾಡಿದ್ದವು ಮಾರಾಯ? ಅವುಗಳಲ್ಲೂ ಯಾರದೋ ದನಿ ಇರುತ್ತದೆ.

ನಿನ್ನ ತಿದ್ದುಪಡಿ ಓದಿದೆ. ಅರವತ್ತೊಂಬತ್ತರ ಪ್ರಾಯಕ್ಕೆ ಹದಿನಾರು ತಿಂಗಳಲ್ಲಿ ಕಲಿತು ಬರೆದದ್ದು ಎಂದು ನಾನು ರಮ್ಯಶ್ರೀಗೆ ಹೇಳಲಿಲ್ಲ. ಹೇಳಿದರೆ ಅವಳು ನಿನಗೆ ಸನ್ಮಾನ ಮಾಡಿಯಾಳು, ನೀನು ಅವಳಿಗೂ ಬೈದೀಯ.

ಆದರೆ ನೀನು ಹಿಡಿದದ್ದು ಒಂದು ಕಡೆ. ಹೆಸರನ್ನು ಓದುವಾಗ ಮಾತ್ರ. ಹೊಸ ಹೆಸರನ್ನು ಬರೆಯುವಾಗ, ಹಳೆಯದನ್ನು ಅಳಿಸುವಾಗ, ಆ ಎರಡು ಕಡೆಯೂ ನಾನು ಅದೇ ರೀತಿ ಎಣಿಸಿದ್ದೇನೆ. ನಿನ್ನ ಪತ್ರ ಬಂದ ಮೇಲೆ ನನ್ನ ಸಾಲುಗಳನ್ನೆಲ್ಲ ಮೊದಲಿಂದ ಓದಿದೆ, ಆಗ ಸಿಕ್ಕವು. ಎಲ್ಲೆ ನೋಡುವ ಕೆಲಸವನ್ನು ಒಂದೇ ಕಡೆ ಇಟ್ಟು ಮೂರೂ ಜಾಗದಿಂದ ಅದನ್ನು ಕರೆಯಬೇಕು. ಇಲ್ಲವಾದರೆ ಇನ್ನೊಬ್ಬ ಬಂದು ನಾಲ್ಕನೆಯ ಕಡೆ ಇದೇ ತಪ್ಪು ಮಾಡುತ್ತಾನೆ.

ಹುಲಗೋಳದಲ್ಲಿ ಎಣಿಸಿದವನು ನಾನು. ಪೂಜೆಯ ಕಡ್ಡಿಯನ್ನೂ ಎಣಿಸಿದೆ. ವಿಚಾರಣೆಯಲ್ಲಿ ಹೆದರಿದೆ. ಕೈಬರಹದಲ್ಲಿ ಬೇಕು ಎಂದಿದ್ದೆಯಲ್ಲ, ಇದೋ. ನಲವತ್ತು ವರ್ಷ ಯಾಕೆ ಸುಮ್ಮನಿದ್ದೆ ಎಂದು ಮಾತ್ರ ಕೇಳಬೇಡ. ಅದರ ಕಾರಣ ನನ್ನದಲ್ಲ.

ಕಾರ್ಡು ಕಳಿಸು.

ರಾಘು


ಶಿರಸಿ,
೩ ಮಾರ್ಚ್ ೨೦೨೪

ರಾಘು,

ಕಾರಣ ನಿನ್ನದಲ್ಲವಂತೆ! ಮತ್ತೆ ಯಾರದು? ಕಡ್ಡಿಯದೇ? ನಿನ್ನ ಹೇಡಿತನಕ್ಕೂ ಇನ್ನೊಬ್ಬರ ಕೈಬರಹ ಹುಡುಕುತ್ತಿದ್ದೀಯ. ಆ ಒಂದು ವಾಕ್ಯ ಬರೆಯದಿದ್ದರೆ ಮೊದಲಿನ ನಾಲ್ಕು ವಾಕ್ಯಕ್ಕೆ ನಾನು ಒಂದು ಕ್ಷಣ ಕರಗುತ್ತಿದ್ದೆನೋ ಏನೋ. ಉಳಿಸಿದೆ ನನ್ನನ್ನು.

ಎರಡು ವಾರ ನಾನೇ ಪ್ರಯತ್ನಿಸಿದೆ. ಕಾರ್ಡಿನ ನಕಲು ತೆಗೆದು, ಆ ಪಟ್ಟಿಯ ತಲೆಯನ್ನು ಮತ್ತೆ ಕಟ್ಟಲು ನೋಡಿದೆ. ಆಗಲಿಲ್ಲ. ಫಾರ್ ವಾಂಟ್ ಆಫ್ ಎನ್ನುತ್ತಿದ್ದರೋ, ಇನ್ ವಾಂಟ್ ಆಫ್ ಎನ್ನುತ್ತಿದ್ದರೋ ನಮ್ಮ ಇಂಗ್ಲಿಷ್ ಮಾಸ್ತರರು, ಅಂತೂ ನನಗೆ ವಿದ್ಯೆ ಸಾಲದು. ನಿನ್ನ ಹತ್ತಿರ ಬೇಡಬೇಕಾಗಿ ಬಂದದ್ದನ್ನೂ ನಿನ್ನ ಪಾಪಕ್ಕೇ ಸೇರಿಸಿದ್ದೇನೆ.

ನಾಳೆ ಮುಂಜಾನೆಯ ಯಲ್ಲಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರದ ಜೊತೆ ಒಂದು ಕುಂಕುಮದ ಭರಣಿ ಬರುತ್ತದೆ. ಅವಳದು. ಒಳಗೆ ಹತ್ತಿಯಲ್ಲಿ ಸುತ್ತಿದ ಕಾರ್ಡಿದೆ. ಮೂರು ಷರತ್ತು. ಒಂದು, ನಕಲಿನ ಮೇಲೆ ಕೆಲಸ ಮಾಡು, ಮೂಲ ಮುಟ್ಟಬೇಡ. ಎರಡು, ಭರಣಿ ತೊಳೆಯಬೇಡ. ಮೂರು, ದನಿ ಸಿಕ್ಕರೆ ಕೇಳಬೇಡ. ಬಾವಿ ನುಂಗಿದವರ ಮನೆಯವಳ ಮಾತು ಕೇಳುವ ಹಕ್ಕು ನಿನಗಿಲ್ಲ.

ಶಂಭುಲಿಂಗ


ಯಲ್ಲಾಪುರ,
೨೩ ಏಪ್ರಿಲ್ ೨೦೨೪

ಶಂಭು,

ನಾಳೆ ಒಂಬತ್ತರ ಬಸ್ಸಿನಲ್ಲಿ ಈ ಪತ್ರದ ಜೊತೆ ಭರಣಿ ಬರುತ್ತದೆ. ತೊಳೆದಿಲ್ಲ.

ಮೂವತ್ತೆರಡೂ ಇವೆ. ತಾರೀಖು ಬಿದ್ದದ್ದು ಪಟ್ಟಿಯ ತಲೆಯ ಎಂಟು ಅಕ್ಷರಗಳ ಮೇಲೆ. ಆ ಎಂಟು ಏನಾಗಿದ್ದವು ಎಂದು ಉಳಿದದ್ದನ್ನು ನೋಡಿ ಲೆಕ್ಕ ಹಾಕಿ ಕಟ್ಟಬೇಕಾಯಿತು. ಆರು ವಾರ ಹಿಡಿಯಿತು. ಮೂಲ ನೀನು ಕೊಟ್ಟ ಹಾಗೇ ಇದೆ. ಭರಣಿಯಲ್ಲಿ ಇನ್ನೊಂದು ಹೊಸ ಕಾರ್ಡಿದೆ, ಅದನ್ನು ಕೇಳು.

ದನಿ ಬರುತ್ತದೋ ಇಲ್ಲವೋ ಎಂದು ನೋಡದೆ ಕಳಿಸುವ ಹಾಗಿರಲಿಲ್ಲ. ನಾನು ಹೊರಗೆ ಅಂಗಳದಲ್ಲಿ ನಿಂತೆ. ಲಕ್ಷ್ಮೀ ಒಳಗೆ ಒಂದೊಂದನ್ನೂ ಎರಡು ಸೆಕೆಂಡು ಹಚ್ಚಿ ಆರಿಸಿ, “ಇದ್ದು... ಇದ್ದು... ಇದೂ ಇದ್ದು” ಎಂದು ಕೂಗಿದಳು. ಮೂವತ್ತೆರಡು ಸಲ. ನಾನು ಬೆರಳು ಮಡಚಿ ಎಣಿಸಿದೆ.

ತಿದ್ದುಪಡಿ ಇವತ್ತು ಸೇರಿತು. ಟಿಪ್ಪಣಿ ಹೀಗಿದೆ:

“ಕಡತ ವ್ಯವಸ್ಥೆ: ಹೆಸರಿನ ಸಾಲು ಪೂರ್ತಿ ತುಂಬಿದಾಗ ಎಣಿಕೆ ಎಲ್ಲೆ ದಾಟಿ ಪಕ್ಕದ ಪಟ್ಟಿಯನ್ನು ಕೆಡಿಸುತ್ತಿತ್ತು. ಓದುವಲ್ಲಿ, ಬರೆಯುವಲ್ಲಿ, ಅಳಿಸುವಲ್ಲಿ ಸರಿಪಡಿಸಿದೆ. ತಪ್ಪು ನನ್ನದು. ಇದೇ ತಪ್ಪನ್ನು ನಾನು ೧೯೮೪ರಲ್ಲಿ ಹುಲಗೋಳದಲ್ಲಿ ಪೂಜೆಯ ಕಡ್ಡಿಯನ್ನು ಎಣಿಸಿ ಮಾಡಿದ್ದೆ. ಎಣಿಸಿದವನು ನಾನು, ಶಿಕ್ಷೆಯಾದದ್ದು ಶಂಭುಲಿಂಗ ಅವರಿಗೆ. ಈ ದೋಷವನ್ನು ಕಂಡುಹಿಡಿದವರೂ ಅವರೇ.”

ರಮ್ಯಶ್ರೀ ಫೋನು ಮಾಡಿ, “ಸರ್, ಇದು ಖಂಡಿತ ಇರಲೇಬೇಕಾ?” ಎಂದಳು. ಇರಲೇಬೇಕು ಎಂದೆ. ಒಪ್ಪಿದಳು.

ರಾಘು


ಶಿರಸಿ,
೧೪ ಮೇ ೨೦೨೪

ರಾಘು,

ಭರಣಿ ಮುಟ್ಟಿತು. ಥ್ಯಾಂಕ್ಸ್ ಇಲ್ಲ. ತಿಂದದ್ದನ್ನು ಕಕ್ಕಿದವನಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ.

ಕಾರ್ಡನ್ನು ಕೂಡಲೇ ಕೇಳಲಿಲ್ಲ. ಮೊದಲು ಸೇಡು, ಆಮೇಲೆ ಅವಳು ಎಂದು ನಿಶ್ಚಯಿಸಿದೆ. ನಿನ್ನ ಟಿಪ್ಪಣಿಯನ್ನು ದೊಡ್ಡ ಅಕ್ಷರದಲ್ಲಿ ಇಪ್ಪತ್ತು ಪ್ರತಿ ತೆಗೆಸಿದೆ. ನಿವೃತ್ತ ನೌಕರರ ಸಭೆಯಲ್ಲಿ ಎದ್ದು ನಿಂತು ಓದಿದೆ. ಅಲ್ಲಿದ್ದ ಹನ್ನೊಂದು ಜನರಲ್ಲಿ ನಮ್ಮ ಇಲಾಖೆಯವರು ಇಬ್ಬರು. ಒಬ್ಬನಿಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬ, “ಅದು ನೀವಾ? ನಾನು ಇಷ್ಟು ದಿನ ಬಾವಿ ನುಂಗಿದವ ರಾಘು ಅಂತ ತಿಳಕೊಂಡಿದ್ದೆ” ಎಂದ. ಮೆಮೋ ಕೊಟ್ಟ ಸಾಹೇಬರ ಮನೆಗೆ ಹೋದೆ. ಅವರು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಒಂಬತ್ತು ವರ್ಷವಾಗಿದೆ. ಫೋಟೋದ ಮುಂದೆ ಒಂದು ಪ್ರತಿ ಇಟ್ಟು ಬಂದೆ.

ಕೊನೆಗೆ ಹುಲಗೋಳಕ್ಕೆ ಹೋದೆ. ಚೌಡ ಇದ್ದಾನೆ. ಕಣ್ಣು ಮಂಜು, ಮಾತು ಗಟ್ಟಿ. ಟಿಪ್ಪಣಿ ಓದಿ ಹೇಳಿದೆ. “ಆ ಬಾವಿಯಾ? ಅದು ನಾಕು ತಿಂಗಳಿಗೇ ವಾಪಸು ಬಂತಲ್ರಾ. ಕುಸಿದು ಮುಚ್ಚಿ ಹನ್ನೆರಡು ವರ್ಷ ಆತು. ಈಗ ಬೋರು.” ನಾನು ಕಲ್ಲು ಎಲ್ಲಿತ್ತು ಎಂದು ಕೇಳಿದೆ. ಅವನಿಗೂ ಗುರುತು ಸಿಗಲಿಲ್ಲ. ಆಮೇಲೆ ಅವನು ಅಂದದ್ದಕ್ಕಾಗಿ ಈ ಪತ್ರ.

“ಅದನ್ನ ಹೇಳೂಕೆ ಇಷ್ಟು ದೂರ ಬಂದ್ರಾ ಸಾಹೇಬ್ರೆ? ಆ ಹೆಗಡೆಕಟ್ಟದ ಒಡೇರು ಆವಾಗ್ಲೇ ಬಂದು ಹೇಳಿದ್ರಲ್ಲ, ಎಣ್ಸಿದ್ದು ತಾನೇಯ ಅಂತ. ನಮ್ಮ ಗಂಗೆ ತೊಟ್ಲಲ್ಲಿತ್ತು. ನಿಮ್ಮ ಮನೆ ಎಲ್ಲಿ ಅಂತ ಕೇಳ್ಕಂಡು, ಮನ್ಮನೆಗೆ ಹೋಗ್ತೆ ಅಂತ ಹೊಂಟ್ರಪ್ಪ.”

ಅವನ ಮಗಳು ಗಂಗೆಗೆ ಈಗ ಮೂವತ್ತೆಂಟು. ಅಂದರೆ ೧೯೮೬. ಹೆಗಡೆಕಟ್ಟ ನಿನ್ನ ಹುಟ್ಟೂರು, ಬಂದವನು ನೀನೇ. ರಾಘು, ನೀನು ಚೌಡನ ಮುಂದೆ ಒಪ್ಪಿಕೊಂಡೆ, ನನ್ನ ಮುಂದೆ ಅಲ್ಲ. ಮನ್ಮನೆಗೆ ಹೋಗುತ್ತೇನೆ ಎಂದು ಅವನಿಗೆ ಹೇಳಿ ದೊಡ್ಡವನಾದೆ, ದಾರಿಯಲ್ಲೇ ಹೆದರಿ ತಿರುಗಿದೆ. ಹೌದೋ ಅಲ್ಲವೋ? ಹೌದು ಎಂದು ಒಂದು ಸಾಲು ಬರೆ, ಅದನ್ನೂ ಇಪ್ಪತ್ತು ಪ್ರತಿ ತೆಗೆಸುತ್ತೇನೆ.

ಶಂಭುಲಿಂಗ

ತಾ.ಕ.: ದಿನಕ್ಕೊಂದರಂತೆ ಕೇಳುತ್ತಿದ್ದೇನೆ. ಇವತ್ತಿಗೆ ಐದು. ಬರೀ ಬೈಗುಳ. ಚಟ್ನಿಪುಡಿಯ ಡಬ್ಬಿಯ ಮುಚ್ಚಳ ನಾನು ಯಾವತ್ತೂ ಸರಿಯಾಗಿ ಹಾಕಿಲ್ಲವಂತೆ. ಎದ್ದು ಹೋಗಿ ಹಾಕಿ ಬಂದೆ.


ಯಲ್ಲಾಪುರ,
೨೫ ಮೇ ೨೦೨೪

ಶಂಭು,

ಚೌಡನಿಗೆ ವಯಸ್ಸಾಗಿದೆ. ಅವನ ಮಾತು ಬಿಡು.

ಹೆದರಿ ತಿರುಗಿದೆ ಎಂದೇ ಬರೆದುಕೊ. ಸಹಿ ಕೆಳಗಿದೆ.

ರಾಘು


ಶಿರಸಿ,
೧೨ ಜೂನ್ ೨೦೨೪

ರಾಘು,

ನಿನ್ನ ಹಿಂದಿನ ಪತ್ರದ ಇಪ್ಪತ್ತು ಪ್ರತಿ ತೆಗೆಸಿದ್ದೆ. ಹಂಚಲಿಲ್ಲ. ಮೇಜಿನ ಮೇಲೆ ಇವೆ.

ಹೋದ ಶುಕ್ರವಾರ ಇಪ್ಪತ್ತೊಂಬತ್ತನೆಯದನ್ನು ಕೇಳಿದೆ. ಕೇಳಿದ ಹಾಗೇ ಬರೆದುಕೊಂಡಿದ್ದೇನೆ. ಇದು ನನ್ನ ಕೈಬರಹ, ಮಾತು ಅವಳದು. ಇದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆ ಇಲ್ಲ:

“ಕೇಳಾಕತ್ತೀರೇನ್ರಿ? ಎದ್ದು ಹೋಗಬ್ಯಾಡ್ರಿ, ಕುಂದರ್ರಿ. ಮನ್ಮನಿಯೊಳಗ ಇದ್ದಾಗ ಒಂದಿನ ನೀವು ಅಳತೀಗೆ ಹೋಗಿದ್ರಿ. ರಾಘಣ್ಣ ಬಂದಿದ್ದ. ಕಟ್ಟಿ ಮ್ಯಾಲ ಕುಂತು ಹೆಣ್ಣುಮಕ್ಕಳಂಗ ಅತ್ತ. ಎಣಿಸಿದಾಂವ ನಾನಾ ಅಕ್ಕಾ, ಸಾಹೇಬ್ರಿಗೆ ಬರದು ಕೊಡ್ತೀನಿ, ಶಂಭೂನ ಕಾಲು ಹಿಡೀತೀನಿ ಅಂದ. ನಾನಾ ಬ್ಯಾಡ ಅಂದೆ. ಯಾಕಂದ್ರ, ಮೆಮೋ ಬಂದ ಹೊಸದರಾಗ ನೀವು ಊಟಾ ಬಿಟ್ಟಿದ್ರಿ. ಗ್ವಾಡಿ ನೋಡ್ಕೋತ ಕುಂದರ್ತಿದ್ರಿ. ಬಾವಿ ಕಡೆ ಹೋದ್ರ ನಾ ಬೆನ್ನ ಹಿಂದ ಬರ್ತಿದ್ದೆ, ನಿಮಗ ಗೊತ್ತಿಲ್ಲ. ಮುಂದ ಒಂದಿನ ‘ಆ ರಾಘೂನ ಬಿಡಂಗಿಲ್ಲ’ ಅಂದ್ರಿ. ಅವತ್ತು ಎರಡು ರೊಟ್ಟಿ ತಿಂದ್ರಿ. ಅವತ್ತಿಂದ ದಿನಾ ಅವನ್ನ ಬೈಕೋತ ಉಂಡ್ರಿ. ಈಗ ಅಂವ ಬಂದು ತಪ್ಪಾತು ಅಂದ್ರ ನಿಮ್ಮ ಸಿಟ್ಟು ಹೊಕ್ಕೈತಿ. ಸಿಟ್ಟು ಹ್ವಾದ್ರ ಮತ್ತ ಏನು ಉಳೀತೈತಿ ನಿಮ್ಮ ಕಡೆ? ಅದಕ್ಕ, ಹೇಳಬ್ಯಾಡೋ ಅಣ್ಣ, ನನ್ನ ಗಂಡ ನಿನ್ನ ಬೈಕೊಂಡಾದ್ರೂ ಬದಕ್ಲಿ ಅಂತ ಆಣಿ ಹಾಕಿಸ್ಕೊಂಡೆ. ಅಂವ ಹೂಂ ಅಂದ. ನಾ ಸತ್ತ ಮ್ಯಾಲ ನೀವು ಅವನ ಮನೀಗೆ ಹೋಗ್ರಿ. ಈಗ ವಾದಾ ತಗೀಬ್ಯಾಡ್ರಿ.”

ನೀನು, ಕಾರಣ ನನ್ನದಲ್ಲ ಎಂದೆ. ನಾನು ನಿನ್ನನ್ನು ಹೇಡಿ ಎಂದೆ. ನೀನು, ಹಾಗೆಂದೇ ಬರೆದುಕೊ ಎಂದೆ. ಅವಳು ಸತ್ತು ಮೂರು ವರ್ಷವಾಗುತ್ತ ಬಂತು, ಆಣೆ ಮುರಿದು ಒಂದು ಸಾಲು ಬರೆದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಬರೆಯಲಿಲ್ಲ ನೀನು. ಆ ದನಿಯನ್ನು ಎಂಟು ಅಕ್ಷರ ಕಟ್ಟಿ ಬದುಕಿಸಿದೆ, ನಿನ್ನ ಪರವಾದ ಸಾಕ್ಷಿ ಅದರೊಳಗಿದೆ ಎಂದು ತಿಳಿಯದೆ, ಅಂಗಳದಲ್ಲಿ ನಿಂತು.

ಇದಕ್ಕೆ ನಿನ್ನನ್ನು ಕ್ಷಮಿಸುವ ಮಾತೇ ಇಲ್ಲ, ರಾಘು. ನಲವತ್ತು ವರ್ಷ ನನ್ನದು ಎಂದುಕೊಂಡದ್ದನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತುಕೊಂಡಿರಿ, ನೀನು ಮತ್ತು ಅವಳು ಸೇರಿ. ಅವಳು ಹೇಳಿದ್ದು ಸರಿಯಾಯಿತು. ಶುಕ್ರವಾರದಿಂದ ಊಟ ಸೇರುತ್ತಿಲ್ಲ. ರೊಟ್ಟಿ ಮುರಿಯುತ್ತೇನೆ, ಯಾರಿಗೆ ಬೈಯಬೇಕು ಎಂದು ಯೋಚಿಸುತ್ತೇನೆ, ಕೈ ಹಾಗೇ ನಿಲ್ಲುತ್ತದೆ. ಗೋಡೆ ನೋಡುತ್ತ ಕೂತಿದ್ದೆ ಎಂದು ನಿನ್ನೆ ಹಾಲು ಕೊಡುವವಳು ಹೇಳಿದಳು. ಉಳಿದ ಮೂರು ಮಾತು ಕೇಳಲು ಧೈರ್ಯವಿಲ್ಲ.

ಆದ್ದರಿಂದ ದಿ ಅಂಡರ್‌ಸೈನ್ಡ್ ಈ ಕೆಳಗಿನಂತೆ ತೀರ್ಮಾನಿಸಿದ್ದಾನೆ.

ಅಳಿಲಿನ ಕಡತ ವ್ಯವಸ್ಥೆಯಲ್ಲಿ ನಿನ್ನ ಹೆಸರಿನ ಸಾಲುಗಳು ಒಟ್ಟು ನಾಲ್ಕು ಸಾವಿರದ ಇನ್ನೂರ ಹದಿನೆಂಟು. ಬ್ಲೇಮ್ ಹಾಕಿ ಎಣಿಸಿದ್ದೇನೆ, ಪೂಜೆಯ ಕಡ್ಡಿ ಬಿಟ್ಟು. ಮೂರು ಕಡೆ ತಪ್ಪಿದವನು ನಾಲ್ಕನೆಯ ಕಡೆ ತಪ್ಪದೆ ಇರುವುದಿಲ್ಲ. ಒಂದೊಂದು ಸಾಲನ್ನೂ ನಿನ್ನ ಎದುರೇ ಕೂತು ಓದುತ್ತೇನೆ. ನೀನು ಸಮರ್ಥನೆ ಕೊಡಬೇಕು. ನಾನು ಒಪ್ಪುವುದಿಲ್ಲ. ಉಳಿದ ಮೂರು ಮಾತುಗಳನ್ನೂ ತರುತ್ತೇನೆ, ಅಲ್ಲೇ ಕೇಳೋಣ. ಮೂರನೆಯ ಷರತ್ತನ್ನು ತೆಗೆದಿದ್ದೇನೆ.

ಭಾನುವಾರ ಒಂಬತ್ತರ ಬಸ್ಸಿಗೆ ಬರುತ್ತೇನೆ. ಸ್ಟ್ಯಾಂಡಿಗೆ ಬಂದು ನಿಲ್ಲು, ನಿನ್ನ ಮೋರೆ ನನಗೆ ಗುರುತು ಸಿಗಲಿಕ್ಕಿಲ್ಲ. ಊಟಕ್ಕೆಂದು ಬರುತ್ತಿದ್ದೇನೆ ಎಂದು ತಿಳಿಯಬೇಡ, ತಪ್ಪು ಹುಡುಕಲು ಬರುತ್ತಿದ್ದೇನೆ. ಆದರೂ ಲಕ್ಷ್ಮೀಯವರಿಗೆ ಹೇಳು, ಅಕ್ಕಿ ಒಂದು ಹಿಡಿ ಜಾಸ್ತಿ ಹಾಕಲಿ. ತಪ್ಪು ಸಿಕ್ಕರೆ ನಾನು ಚೆನ್ನಾಗಿ ಉಣ್ಣುತ್ತೇನೆ.

ಸಿಗುತ್ತದೆ. ಬರೆದವನು ನೀನಲ್ಲವೇ.

ಬಿಡದ,
ಶಂಭು